ಭಾನುವಾರದ ಬೋಣಿ

ನನ್ನ ಮಗನ ಬಾಯಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಬಾಯಿ ಇಲ್ಲದೇ ಹೋಗಿದ್ದರೆ ಈ ಮನುಷ್ಯನ ಪರಿಚಯವೇ ನನಗೆ ಆಗುತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ಪ್ರಮೋದ, ಮನೆಯಲ್ಲಿ ಪಮ್ಯಾ, ಆಗ ಮೂರೂವರೆ ವರ್ಷದವನು. ಡೊಂಬಿವ್ಲಿ ಸ್ಟೇಷನ್ನಿನ ಮೈಕಿನಲ್ಲಿ ಕೇಳಿದ್ದನ್ನು ಮೈಕಿಗಿಂತ ಜೋರಾಗಿ ಕೂಗುವುದು ಅವನ ಆಟ. "ಕೃಪಯಾ ಲಕ್ಷ್ ದ್ಯಾ! ಫಲಾಟ್ ಕ್ರಮಾಂಕ್ ದೋನ್ ವರ್ ಯೇಣಾರಿ ಗಾಡಿ..." ದಯವಿಟ್ಟು ಗಮನಿಸಿ, ಎರಡನೇ ಪ್ಲಾಟ್‌ಫಾರಂಗೆ ಬರಲಿರುವ ಗಾಡಿ ಎಂದು ಶುರು ಮಾಡಿದನೆಂದರೆ ಕರ್ಜತ್, ಕಸಾರಾ, ಕಲ್ಯಾಣ ಎಲ್ಲ ಗಾಡಿ ಬಿಟ್ಟು ಮುಗಿಸುವ ತನಕ ನಿಲ್ಲಿಸುತ್ತಿರಲಿಲ್ಲ. ಕೈಗೆ ಸ್ಟೀಲಿನ ಲೋಟ ಸಿಕ್ಕರೆ ಗಾಡಿಯ ಸದ್ದೂ ಅದರಲ್ಲೇ. ನಮ್ಮದು ಒಂದು ರೂಮು, ಒಂದು ಅಡುಗೆಮನೆ. ಗೋಡೆಯಾಚೆಯ ಹೆಂಗಸು ದಿನಕ್ಕೆರಡು ಸಲ ಬಾಗಿಲಿಗೆ ಬಂದು, "ಟೀಚರ್, ತುಮ್ಚಾ ಮುಲ್ಗಾ ಕಿತೀ ಓರಡ್ತೋ ಹೋ!" ನಿಮ್ಮ ಮಗ ಎಷ್ಟು ಕಿರುಚುತ್ತಾನೆ ಎಂದು ಹೇಳಿ ಹೋಗುವಳು. ನಾನು ಕನ್ನಡ ಶಾಲೆಯ ಟೀಚರು ಬೇರೆ. ಊರ ಮಕ್ಕಳನ್ನೆಲ್ಲ ಒಂದು ಬೆರಳೆತ್ತಿ ಸುಮ್ಮನೆ ಕೂರಿಸುವವಳಿಗೆ ಹೊಟ್ಟೆಯಲ್ಲಿ ಹುಟ್ಟಿದವನನ್ನು ಕೂರಿಸಲಾಗುತ್ತಿರಲಿಲ್ಲ.

ಮೊನ್ನೆ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ಹೋಟ್ಲಣ್ಣ ತೀರಿಹೋದ್ರು, ಗೊತ್ತಾಯ್ತಲ್ಲ ಮೇಡಂ? ಸಂಚಿಕೆಗೆ ನೀವೇ ಬರೀಬೇಕು. ನಿಮ್ಮ ಮಗ ಅಂದ್ರೆ ಅವ್ರಿಗೆ ಪ್ರಾಣ ಅಲ್ವಾ? ಮಕ್ಕಳ ಪಾಲಿನ ದೇವ್ರು ಅಂತ ತಲೆಬರಹ ಹಾಕುವ." ಆಯಿತು ಎಂದೆ. ಬರೆಯಲು ಕೂತಾಗ ಗೊತ್ತಾಯಿತು, ದೇವರು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ನನಗೆ ಗೊತ್ತಿದ್ದಷ್ಟು ಬರೆಯುತ್ತೇನೆ. ಬೇಕಾದರೆ ಹಾಕಿಕೊಳ್ಳಲಿ, ಬೇಡವಾದರೆ ಬಿಡಲಿ.

ಹೆಸರು ಬರೆಯುವುದಿಲ್ಲ. ಅವರಿಗೊಂದು ಹೆಸರಿದೆ ಎಂಬುದೇ ನಮಗೆಲ್ಲ ಮರೆತುಹೋಗಿತ್ತು. ಮರಾಠಿಯವರಿಗೆ, ಗುಜರಾತಿಯವರಿಗೆ, ತರಕಾರಿ ಹಾಕುವವನಿಗೆ, ವಿಜಾಪುರದಿಂದ ಬಂದ ನನಗೆ, ಎಲ್ಲರಿಗೂ ಅವರು ಅಣ್ಣ. ಉಡುಪಿ ಕಡೆಯವರು. ಡೊಂಬಿವ್ಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಗಲ್ಲಿಯಲ್ಲಿ ಅವರ ಹೋಟೆಲು. ರೈಲು ಹಿಡಿಯುವ ಗಿರಾಕಿಗಳು ಅಷ್ಟು ದೂರ ಬರುತ್ತಿರಲಿಲ್ಲ. ಬರುವವರೆಲ್ಲ ಸಂಸಾರವಂದಿಗರು, ಪಿಂಚಣಿಯವರು. ಗಲ್ಲಾದ ಹಿಂದಿನ ಎತ್ತರದ ಕುರ್ಚಿಯ ಮೇಲೆ ಎಡಗಾಲು ಮಡಚಿ ಕೂತು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು, "ನನ್ನ ಕನ್ನಡ್ಕ ಎಲ್ಲಿ ಹೋಯ್ತು ಮಾರಾಯ?" ಎಂದು ದಿನವಿಡೀ ಹುಡುಕುವ ಬಿಳಿ ಅಂಗಿಯ ಮನುಷ್ಯನನ್ನು ನೆನಪಿಸಿಕೊಳ್ಳಿ, ಅವರೇ.

ಅವರಿಗಿಂತ ಮುಂಚೆ ಠಾಣೆ ಪಟ್ಟಣದ ಒಂದು ದೊಡ್ಡ ಹೋಟೆಲಿನ ವಿಷಯವನ್ನೂ ಹೇಳಬೇಕು. ನಮ್ಮವರಿಗೆ ಫ್ಯಾಕ್ಟರಿಯಲ್ಲಿ ಬೋನಸ್ ಬಂದಿತ್ತು. ಖುಷಿಯಲ್ಲಿ ಹೋದೆವು. ಎ.ಸಿ. ಇತ್ತು, ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಪಮ್ಯಾ ಎರಡು ಗಾಡಿ ಬಿಡುವಷ್ಟರಲ್ಲಿ ಪಕ್ಕದ ಮೇಜಿನ ಸಾಹೇಬರು ಚಮಚ ಕೆಳಗಿಟ್ಟು ನಮ್ಮ ಕಡೆ ತಿರುಗಿ ಕೂತರು. ಅವರ ಹೆಂಡತಿ, ಮಕ್ಕಳನ್ನು ಸಂಭಾಳಿಸಲು ಬಾರದವರು ಮನೆಯಲ್ಲೇ ಯಾಕಿರುವುದಿಲ್ಲವೋ ಎಂದು ಮರಾಠಿಯಲ್ಲಿ, ನನಗೆ ಕೇಳುವ ಹಾಗೆಯೇ ಹೇಳಿದಳು. ಮ್ಯಾನೇಜರ್ ಬಂದು ಬಗ್ಗಿ, "ಮೇಡಂ, ಪಾರ್ಸಲ್ ಕರ್ ದೂಂ?" ಎಂದ. ಅರ್ಧ ತಿಂದ ಮಸಾಲೆ ದೋಸೆಯನ್ನು ಪಾರ್ಸಲ್! ನಾನು ಎಲ್ಲವನ್ನೂ ಅಲ್ಲೇ ಬಿಟ್ಟು ಎದ್ದೆ. ಲೋಕಲ್ ಗಾಡಿಯಲ್ಲಿ ಮಗ ತೊಡೆಯ ಮೇಲೆ ನಿದ್ದೆ ಹೋದ. ನಾನು ಕಿಟಕಿಗೆ ಮುಖ ಮಾಡಿ ಅತ್ತೆ. ನಮ್ಮವರು, "ಹೋಗ್ಲಿ ಬಿಡ. ಇನ್ ಮ್ಯಾಲ ಮನ್ಯಾಗ ಮಾಡ್ಕೊಂಡು ತಿನ್ನೂಣು" ಎಂದರು. ಒಂದು ವರ್ಷ ಯಾವ ಹೋಟೆಲಿನ ಮೆಟ್ಟಿಲನ್ನೂ ಹತ್ತಲಿಲ್ಲ. ಮದುವೆ ಮುಂಜಿಗೆ ಕರೆದರೂ ಇಬ್ಬರಲ್ಲಿ ಒಬ್ಬರು ಮಗನನ್ನು ಹಿಡಿದುಕೊಂಡು ಮನೆಯಲ್ಲಿರುತ್ತಿದ್ದೆವು.

ಅಣ್ಣನ ಹೋಟೆಲಿಗೆ ನಾನು ಹೋದದ್ದು ಒಂದು ಭಾನುವಾರ, ಇಡ್ಲಿ ಕಟ್ಟಿಸಿಕೊಂಡು ಬರಲು. ಮೈಯಲ್ಲಿ ಹುಷಾರಿರಲಿಲ್ಲ. ಹನ್ನೊಂದು ಗಂಟೆ, ಹೋಟೆಲಿನ ಹಾಲ್ ಜನರಿಂದ ತುಂಬಿ ತುಳುಕುತ್ತಿತ್ತು. ನನ್ನ ಕೈ ಹಿಡಿದು ನಿಂತಿದ್ದ ಪಮ್ಯಾ ಇದ್ದಕ್ಕಿದ್ದಂತೆ "ಕೃಪಯಾ ಲಕ್ಷ್ ದ್ಯಾ!" ಎಂದ. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಅವನ ಬಾಯಿಗೆ ಕೈ ಒಯ್ಯುವಷ್ಟರಲ್ಲಿ ಗಲ್ಲಾದ ಮೇಲಿನ ಗಂಟೆ ಟಿಣ್ ಎಂದಿತು. ಅಣ್ಣ ಬಗ್ಗಿ ಕೇಳುತ್ತಿದ್ದರು:

"ಯಾವ ಗಾಡಿ ಮಾರಾಯ? ಫಾಸ್ಟಾ, ಸ್ಲೋವಾ?"

"ಕರ್ಜತ್ ಫಾಸ್ಟ್!"

"ಡೊಂಬಿವ್ಲಿ ನಿಲ್ತದಾ?"

ಪಮ್ಯಾ ಯೋಚಿಸಿದ. ಅವನ ಕೂಗಿಗೆ ಯಾರಾದರೂ ಪ್ರಶ್ನೆ ಕೇಳಿದ್ದು ಅದೇ ಮೊದಲು. "ಥಾಂಬೇಲ್" ಎಂದು ಮೆಲ್ಲಗೆ ಹೇಳಿದ, ನಿಲ್ಲುತ್ತದೆ ಎಂದು. "ಹಾಗಾದ್ರೆ ಎಲ್ಲರೂ ಹತ್ತುವ" ಎಂದು ಅಣ್ಣ ನಕ್ಕರು. ಹಾಲಿನಲ್ಲಿದ್ದ ನಾಲ್ಕಾರು ಜನರೂ ನಕ್ಕರು. ನನಗೆ ಅಲ್ಲೇ ಅಳು ಬರುವಂತಾಯಿತು.

ಎರಡು ದಿನ ಬಿಟ್ಟು ಶಾಲೆಯಿಂದ ಬರುವಾಗ ಅಣ್ಣ ಬಾಗಿಲಿಗೇ ಬಂದು ಕರೆದರು. "ಟೀಚರೇ, ಒಂದು ಮಾತುಂಟು. ನಿಮ್ಮ ಹುಡುಗನದ್ದು ಭಾರೀ ಕೈಗುಣ. ಮೊನ್ನೆ ಅವ ಬಂದು ಹೋದ ಮೇಲೆ ಮೂರು ಗಂಟೆವರೆಗೆ ರಶ್ಶೋ ರಶ್ಶು, ದೋಸೆ ಹಿಟ್ಟೇ ಖಾಲಿ. ಇನ್ನು ಭಾನುವಾರದ ಬೋಣಿ ಅವನೇ ಮಾಡ್ಬೇಕು."

ಬೋಣಿ ಎಂದರೆ ಈ ಊರಿನಲ್ಲಿ ಸಣ್ಣ ಮಾತಲ್ಲ. ದಿನದ ಮೊದಲ ಗಿರಾಕಿ ಯಾರು ಎಂಬುದರ ಮೇಲೆ ಆ ದಿನದ ವ್ಯಾಪಾರ ನಿಂತಿದೆ ಎಂದು ತರಕಾರಿಯವಳಿಂದ ಬಂಗಾರದ ಅಂಗಡಿಯವರೆಗೆ ಎಲ್ಲರೂ ನಂಬುತ್ತಾರೆ. ಮೊದಲ ನಾಣ್ಯವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಬೋಣಿಗೆ ಬಾ ಎಂದು ಕರೆಸಿಕೊಳ್ಳುವುದು ಮರ್ಯಾದೆ. ಅದೂ ಯಾರಿಗೆ? ಠಾಣೆಯ ಹೋಟೆಲಿನಿಂದ ಎಬ್ಬಿಸಿ ಕಳಿಸಿದ ನನ್ನ ಪಮ್ಯಾನಿಗೆ.

"ಆದ್ರೆ ಆರೂವರೆಗೆ ಶಟರ್ ತೆಗಿತೇವೆ ನಾವು. ಏಳರ ಒಳಗೆ ಬರ್ಬೇಕು" ಎಂದರು ಅಣ್ಣ. "ಏಳರ ಮೇಲೆ ಬೇರೆ ಯಾರಾದ್ರೂ ಬೋಣಿ ಮಾಡಿ ಬಿಡ್ತಾರೆ, ಮತ್ತೆ ಎಂತ ಪ್ರಯೋಜನ?"

ಹಾಗೆ ಶುರುವಾಯಿತು. ಭಾನುವಾರ ಡೊಂಬಿವ್ಲಿ ಏಳುವುದೇ ಒಂಬತ್ತಕ್ಕೆ. ನಾವು ಮೂವರು ಐದೂವರೆಗೆ ಎದ್ದು, ಮಿಂದು, ಮಗನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಡುತ್ತಿದ್ದೆವು. ನಮ್ಮವರು ಶನಿವಾರ ರಾತ್ರಿ ಪಾಳಿ ಮುಗಿಸಿ ಬಂದರೂ ಮಲಗುತ್ತಿರಲಿಲ್ಲ. ಶಟರಿನ ಮುಂದೆ ನೀರು ಚಿಮುಕಿಸುತ್ತಿದ್ದ ಸಪ್ಲಾಯರು "ಬೋಣಿ ಸಾಹೇಬ್ ಆಲೇ!" ಸಾಹೇಬರು ಬಂದರು ಎಂದು ಕೂಗುವನು. ಪಮ್ಯಾ ಒಳಗೆ ನುಗ್ಗಿ ಗಂಟೆ ಬಾರಿಸಿ ತನ್ನ ಗಾಡಿಗಳನ್ನೆಲ್ಲ ಬಿಡುವನು. ಯಾರೂ ಶ್ ಎನ್ನುವಂತಿಲ್ಲ. ಕೊನೆಗೆ ಅವನ ಕೈಯ ಒಂದು ರೂಪಾಯಿಯನ್ನು ಅಣ್ಣ ಎರಡೂ ಕೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ದೇವರ ಪಟದ ಮುಂದಿಡುವರು. ಹಂಚಿನಿಂದ ಮೊದಲೆದ್ದ ದೋಸೆ ಅವನಿಗೆ. ಅವನು ಕುರ್ಚಿಯ ಮೇಲೆ ನಿಂತು ತಿನ್ನುತ್ತಿದ್ದ, ಮೇಜು ಬಡಿಯುತ್ತಿದ್ದ, ಹಾಲಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ನಾವಿಬ್ಬರು ಗಂಡ ಹೆಂಡತಿ, ಮದುವೆಯಾದ ಹೊಸದರಲ್ಲಿ ಕೂತ ಹಾಗೆ, ಬಿಸಿ ಕಾಫಿ ಹಿಡಿದು ಎದುರುಬದುರು ಕೂರುತ್ತಿದ್ದೆವು. ಎಷ್ಟು ದಿನವಾಗಿತ್ತು ಹಾಗೆ ಕೂತು!

ನಾನು ಇದನ್ನು ಹೇಳಿಕೊಳ್ಳದೆ ಇದ್ದೆನೇ? ಊರಿಗೆಲ್ಲ ಡಂಗುರ ಸಾರಿದೆ. ವಿಜಾಪುರಕ್ಕೆ ಅವ್ವನಿಗೆ ಕಾಗದ ಬರೆದೆ. ಸ್ಟಾಫ್ ರೂಮಿನಲ್ಲಿ ಹೇಳಿದೆ. ಗೋಡೆಯಾಚೆಯ ಹೆಂಗಸಿಗಂತೂ ವಿಶೇಷವಾಗಿ ಹೇಳಿದೆ. ಆಮೇಲೆ ಅವಳು ದೂರು ತರುವುದನ್ನು ಕಡಿಮೆ ಮಾಡಿದಳು. ಜೂನಿನಲ್ಲಿ ಶಾಲೆ ಶುರುವಾಗುವಾಗ ನಮ್ಮ ಗಲ್ಲಿಯ ನೋಟ್‌ಬುಕ್ ಅಂಗಡಿಯವನೂ ಪಮ್ಯಾನನ್ನು ಬೋಣಿಗೆ ಕರೆದ. ಪಮ್ಯಾ ತನ್ನ ಬಲಗೈಯನ್ನು ಆಗಾಗ ತಿರುವಿ ನೋಡಿಕೊಳ್ಳುತ್ತಿದ್ದ. ಒಮ್ಮೆ ಅವನಿಗೆ ನೂರಾ ಒಂದು ಜ್ವರ. ಮಲಗು ಎಂದರೆ ಕೇಳಲಿಲ್ಲ. "ಅಣ್ಣಾಂಚಿ ಬೋಣಿ!" ಎಂದು ಒಂದೇ ಹಟ. ಶಾಲು ಹೊದಿಸಿ, ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಬೋಣಿ ಮಾಡಿಸಿ ತಂದೆವು. ನೋಡಿ, ಎಷ್ಟರ ಮಟ್ಟಿಗೆ ನಂಬಿದ್ದೆವು!

ಅಣ್ಣನ ಚಾಲಾಕಿತನ ನನಗೆ ಗೊತ್ತಿರಲಿಲ್ಲವೆಂದಲ್ಲ. ಅವರೇ ಹೇಳುತ್ತಿದ್ದರು. "ಹೋಟ್ಲು ಅಂದ್ರೆ ಎಂತ ಟೀಚರೇ? ದೋಸೆಯಾ? ಅಲ್ಲ. ಕುರ್ಚಿ. ಕೂತವರು ಏಳ್ಬೇಕು, ನಿಂತವರು ಕೂರ್ಬೇಕು. ಅಷ್ಟೇ." ಒಂದು ಕಟಿಂಗ್, ಅಂದರೆ ಅರ್ಧ ಲೋಟ, ಚಹಾದ ಮೇಲೆ ಇಡೀ ಪೇಪರ್ ಓದುವ ಪಿಂಚಣಿಯವರನ್ನು ಎಬ್ಬಿಸಬೇಕೆಂದರೆ ಅವರು ಏಳಿ ಎನ್ನುತ್ತಿರಲಿಲ್ಲ. ಆ ಮೇಜಿನ ಮೇಲಿನ ಫ್ಯಾನು ಬಂದ್ ಮಾಡಿಸಿ, ತಾವೇ ಹೋಗಿ, "ಏನು ಸೆಕೆ ಸಾಹೇಬ್, ಈ ಫ್ಯಾನಿಗೆ ಇವತ್ತೇ ಕೆಡ್ಬೇಕಾ!" ಎಂದು ಬೆವರು ಒರೆಸಿಕೊಳ್ಳುತ್ತಿದ್ದರು. ಪಾಪ, ಅವರು ಅಣ್ಣನಿಗೇ ಸಮಾಧಾನ ಹೇಳಿ ಎದ್ದು ಹೋಗುತ್ತಿದ್ದರು. ಈ ಕತೆ ಹೇಳಿ ಅಣ್ಣ ನಗುವಾಗ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ನಮ್ಮನ್ನೂ ಅವರು ಹಾಗೆಯೇ ನೋಡುತ್ತಿರಬಹುದು ಎಂದು ಒಂದು ಸಲವೂ ಹೊಳೆಯಲಿಲ್ಲ.

ಒಂದು ಸಲ ನನ್ನ ತಮ್ಮ ಮತ್ತವನ ಹೆಂಡತಿ ಊರಿಂದ ಬಂದಿದ್ದರು. ಸಂಜೆ ಕರೆದುಕೊಂಡು ಬರುತ್ತೇನೆ ಎಂದು ಅಣ್ಣನಿಗೆ ಹೇಳಿದೆ. ಅವರು ಗಾಬರಿಯಾದವರಂತೆ ಕಣ್ಣರಳಿಸಿದರು. "ಅಯ್ಯೋ, ಹುಡುಗನನ್ನ ಸಂಜೆ ತರ್ಬೇಡಿ ಟೀಚರೇ. ಕೈಗುಣದ ಮಕ್ಕಳಿಗೆ ರಶ್ಶಿನಲ್ಲಿ ಬೇಗ ದೃಷ್ಟಿ ಆಗ್ತದೆ." ನಾನು ತಮ್ಮನವರನ್ನಷ್ಟೇ ಕಳಿಸಿ, ಮನೆಯಲ್ಲಿ ಕೂತು ಮಗನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದೆ.

ಹೀಗೆ ಎರಡು ವರ್ಷಕ್ಕೂ ಮೇಲೆ ನಡೆಯಿತು. ಪಮ್ಯಾ ಒಂದನೇ ತರಗತಿಗೆ ಬಂದ. ಆ ವರ್ಷ ನನ್ನ ತರಗತಿಯಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ರಾಯಚೂರ ಕಡೆಯವರು. ತಂದೆ ಕಲ್ಯಾಣದ ಮಾರ್ಕೆಟಿನಲ್ಲಿ ಹಮಾಲರ ಮುಕದ್ದಮ, ಮೇಸ್ತ್ರಿ. ಆ ಹುಡುಗಿ ಕಿರುಚಿದರೆ ಮೇಲಿನ ಮಹಡಿಯ ತರಗತಿಯವರು ಇಳಿದು ಬರುತ್ತಿದ್ದರು. ಒಂದು ದಿನ ಅವಳ ತಾಯಿಯನ್ನು ಕರೆಸಿದೆ. ಮಕ್ಕಳನ್ನು ಮನೆಯಲ್ಲಿ ಸ್ವಲ್ಪ ಹದ್ದುಬಸ್ತಿನಲ್ಲಿಡಬೇಕು ಎಂದು ಬಿಗಿಯಾಗಿಯೇ ಹೇಳಿದೆ. ಠಾಣೆಯ ಆ ಹೆಂಗಸು ನನಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಎಂದು ಆಗ ನೆನಪಾಗಲಿಲ್ಲ. ಆ ತಾಯಿ ಸೆರಗು ಸರಿ ಮಾಡಿಕೊಂಡು ಎದೆಯೆತ್ತಿ ನಿಂತಳು.

"ಬೈಬ್ಯಾಡ್ರೀ ಟೀಚರ್. ಆಕಿ ಬಾಯಿ ಜೋರ ಐತಿ, ಖರೇ. ಆದ್ರ ಆಕಿ ಕೈಗುಣ ನಿಮಗ ಗೊತ್ತಿಲ್ಲ. ಅಣ್ಣನ ಹೋಟೆಲ್ದಾಗ ಶನಿವಾರದ ಬೋಣಿ ಅಂದ್ರ ನಮ್ ರೇಣುಕಾಂದ! ಮುಂಜಾನಿ ಆರೂವರಿಗೇ ಹೋಗಬೇಕ್ರೀ. ಏಳರ ಮ್ಯಾಲ ನಡಿಯಂಗಿಲ್ಲ."

"ಶನಿವಾರದ್ದಾ?"

"ಹೂಂನ್ರೀ. ಬುಧವಾರ ಪಾಟೀಲ ಬಾಯಿಯ ಅವಳಿ ಹುಡುಗರು. ಅವಂತೂ ಮಂಗ್ಯಾ ಇದ್ದಂಗ ಅದಾವ. ಅವರ ಕೈಗುಣನೂ ಭಾಳ ಚಲೋ ಐತಂತ."

ಅವಳ ಮುಖದಲ್ಲಿ ಎಂಥ ಹೆಮ್ಮೆಯಿತ್ತೆಂದರೆ ನನಗೆ ಅಲ್ಲಿ ನನ್ನ ಮುಖವೇ ಕಂಡಿತು. ಮಗಳನ್ನು ಬೈಯುವುದಿಲ್ಲ, ಹೋಗಿ ಬಾರವ್ವ ಎಂದೆ.

ಅಂದು ನಾಲ್ಕು ಗಂಟೆಗೆ ಹೋದೆ. ಹೋಟೆಲು ಖಾಲಿಯಿತ್ತು. ಅಣ್ಣ ಬಡೆಸೋಂಪನ್ನು ತಟ್ಟೆಗೆ ಸುರಿಯುತ್ತಿದ್ದರು. ಬನ್ನಿ ಟೀಚರೇ ಎಂದವರು ನನ್ನ ಮುಖ ನೋಡಿ ತಟ್ಟೆ ಕೆಳಗಿಟ್ಟರು.

"ಅಣ್ಣಾರ, ವಾರಕ್ಕ ಎಷ್ಟು ಬೋಣಿ ಅವ ನಿಮಗ?"

ಅವರು ಸುಳ್ಳು ಹೇಳುತ್ತಾರೆಂದುಕೊಂಡಿದ್ದೆ. ಅವರು ಹಣೆಯ ಮೇಲಿನ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಆರು. ಸೋಮವಾರ ಖಾಲಿ ಉಂಟು."

ಆ ಸೋಮವಾರ ಕೇಳಿ ನನಗೆ ನಗು ಬಂತು, ಮರುಕ್ಷಣವೇ ಮೈಯೆಲ್ಲ ಉರಿಯಿತು. "ಅಂದ್ರ ನಮ್ಮನ್ನ ಜನ ಇಲ್ಲದ ಹೊತ್ನ್ಯಾಗ ಕರಸ್ತಿದ್ರಿ. ಹುಡುಗನ ಗದ್ದಲ ಯಾರಿಗೂ ಕೇಳಬಾರದು ಅಂತ. ಕೈಗುಣ ಇಲ್ಲ, ಏನೂ ಇಲ್ಲ."

"ಇಲ್ಲ ಅಂತ ಹೇಗೆ ಹೇಳುದು? ಅವ ಬಂದ ದಿವಸ ವ್ಯಾಪಾರ ಆಗಿದೆ."

"ಬರದಿದ್ದ ದಿನಾ?"

"ಆಗಿದೆ" ಎಂದರು. ಒಂದು ಕುರ್ಚಿಯನ್ನು ನನ್ನ ಕಡೆ ಎಳೆದರು. "ಕೂತ್ಕೊಳ್ಳಿ ಟೀಚರೇ. ನೀವು ಮೊದಲ ಸಲ ಬಂದ ದಿವಸ, ನೀವು ಹೋದ ಮೇಲೆ ಮೂರು ಜನ ಗಲ್ಲಾಕ್ಕೆ ಬಂದು ಹೇಳಿದ್ರು. ಅಣ್ಣ, ಇಂಥ ಮಕ್ಕಳನ್ನ ಬಿಟ್ರೆ ನಾವು ಬರುದಿಲ್ಲ ಅಂತ. ನಿಮ್ಮ ಮುಖ ಸಹ ನಾನು ನೋಡಿದ್ದೆ. ಮಗುವಿನ ಬಾಯಿಗೆ ಕೈ ಇಡ್ಲಿಕ್ಕೆ ಹೋದ್ರಲ್ಲ, ಆಗ. ನಿಮ್ಮನ್ನ ಬರ್ಬೇಡಿ ಅನ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಅವರನ್ನ ಬರ್ಬೇಡಿ ಅನ್ಲಿಕ್ಕೂ ಆಗುದಿಲ್ಲ, ನನ್ನ ಹೋಟ್ಲು ನಡಿಬೇಕಲ್ಲ. ಎಂತ ಮಾಡುದು ಹೇಳಿ? ಈ ಎರಡು ವರ್ಷದಲ್ಲಿ ನನ್ನ ಹೋಟ್ಲಲ್ಲಿ ನಿಮ್ಮನ್ನ ಯಾರಾದ್ರೂ ಕೆಟ್ಟ ಕಣ್ಣಲ್ಲಿ ನೋಡಿದ್ದುಂಟಾ?"

"ನೋಡಾಕ ಯಾರಿದ್ರು ಅಲ್ಲಿ? ಬರೀ ಕುರ್ಚಿ ಇದ್ವು!"

ಠಾಣೆಯವನು ಎದುರಿಗೇ ಎಬ್ಬಿಸಿದ, ನೀವು ಹಿಂದಿನಿಂದ ಎಬ್ಬಿಸಿದಿರಿ, ಅವನೇ ವಾಸಿ, ಅವನು ಕಣ್ಣಿಗೊತ್ತಿಕೊಂಡು ನಾಟಕ ಮಾಡಲಿಲ್ಲ ಎಂದು ಏನೇನೋ ಅಂದೆ. ನನ್ನ ದನಿ ಏರಿತ್ತು. ಅಡುಗೆಮನೆಯಿಂದ ದೋಸೆ ಭಟ್ಟರು ಇಣುಕಿದರು. ಅಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದರು. ನಾನು ಮೆಟ್ಟಿಲಿಳಿಯುವಾಗ ಹಿಂದೆಯೇ ಬಂದರು.

"ಟೀಚರೇ, ನನಗೆ ಎಷ್ಟು ಬೇಕಾದ್ರೂ ಬೈರಿ. ಬರುದೂ ಬೇಡ. ಆದ್ರೆ ಹುಡುಗನಿಗೆ ಹೇಳ್ಬೇಡಿ. ಅವನಿಗೆ ಗೊತ್ತಾಗುದು ಬೇಡ. ಅಷ್ಟು ಮಾತ್ರ."

ಆ ಮನುಷ್ಯ ನನ್ನಲ್ಲಿ ಬೇಡಿಕೊಂಡದ್ದು ಅದೊಂದೇ. ಬುದ್ಧಿಯಿದ್ದವಳು ಕೇಳಬೇಕಿತ್ತು. ಪರೀಕ್ಷೆ ಬಂತು, ಊರಿಗೆ ಹೋಗಬೇಕು ಎಂದು ಏನಾದರೊಂದು ನೆಪ ಹೇಳಿ ಮೆಲ್ಲಗೆ ಬಿಡಿಸಬಹುದಿತ್ತು. ನನ್ನ ತಲೆಯಲ್ಲಿ ಬೇರೆಯೇ ಕುದಿಯುತ್ತಿತ್ತು. ಎರಡು ವರ್ಷ ಜನರಿಲ್ಲದಾಗ ಬಂದೆವಲ್ಲ, ಈಗ ಜನರಿದ್ದಾಗ ಬರುತ್ತೇವೆ. ತುಂಬಿದ ಹಾಲಿನ ನಡುವಿನ ಮೇಜಿನಲ್ಲೇ ಕೂರುತ್ತೇವೆ. ನನ್ನ ಮಗ ಎಲ್ಲ ಗಾಡಿಯನ್ನೂ ಬಿಡಲಿ. ಅಣ್ಣ ಏನು ಮಾಡುತ್ತಾರೆ, ನೋಡಿಯೇಬಿಡೋಣ. ನಮ್ಮವರಿಗೆ ಹೇಳಿದಾಗ, "ದೊಡ್ಡವರ ಜಗಳದಾಗ ಹುಡುಗನ್ನ ಯಾಕ ತರ್ತಿ?" ಎಂದರು. ಅವರ ಮೇಲೂ ಹರಿಹಾಯ್ದೆ.

ಭಾನುವಾರ ಪಮ್ಯಾ ಎಂದಿನಂತೆ ಐದೂವರೆಗೆ ಎದ್ದು, ಬೂಟು ಹಾಕಿಕೊಂಡು ಬಾಗಿಲ ಬಳಿ ನಿಂತ. ಇವತ್ತು ಹನ್ನೊಂದಕ್ಕೆ ಹೋಗೋಣ ಎಂದೆ.

"ಪಣ್ ಆಯಿ, ಬೋಣಿ ಕೋಣ್ ಕರಣಾರ್?"

ಬೋಣಿಯನ್ನು ಯಾರು ಮಾಡುತ್ತಾರೆ? ಅವನಿಗೆ ಅದೊಂದೇ ಚಿಂತೆ. ಏಳು ಹೊಡೆದಾಗ ಅಳಲು ಶುರು ಮಾಡಿದ. ಅಣ್ಣನ ಹೋಟೆಲಿಗೆ ಇವತ್ತು ಗಿರಾಕಿಯೇ ಬರುವುದಿಲ್ಲ, ದೋಸೆಯೆಲ್ಲ ಹಾಗೇ ಉಳಿಯುತ್ತದೆ, ಅಣ್ಣ ಒಬ್ಬರೇ ಕೂತಿರುತ್ತಾರೆ ಎಂದು ಮರಾಠಿಯಲ್ಲಿ ಬಿಕ್ಕಿ ಬಿಕ್ಕಿ ಹೇಳಿದ. ಒಂಬತ್ತರವರೆಗೂ ಅತ್ತ. ನಾನು ಕಲ್ಲಿನಂತೆ ಕೂತಿದ್ದೆ. ಇವತ್ತಿಗೂ ಆ ಎರಡು ಗಂಟೆ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಹನ್ನೊಂದಕ್ಕೆ ಹೋದೆವು. ಬಾಗಿಲಲ್ಲಿ ಗರ್ದಿ. ಸಪ್ಲಾಯರು ಚೀಟಿಯಲ್ಲಿ ಹೆಸರು ಬರೆದುಕೊಂಡು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ಪಮ್ಯಾ ನನ್ನ ಕೈ ಕೊಸರಿಕೊಂಡು, ದೊಡ್ಡವರ ಕಾಲುಗಳ ಮಧ್ಯೆ ನುಸುಳಿ ಗಲ್ಲಾದ ಹತ್ತಿರ ಹೋದ. ನಾನು ಹಿಂದೆಯೇ ನುಗ್ಗಿದೆ. ಅವನು ತುದಿಗಾಲಲ್ಲಿ ನಿಂತು ಮುಷ್ಟಿಯಲ್ಲಿದ್ದ ರೂಪಾಯಿಯನ್ನು ಮೇಲಿಟ್ಟು, ಏದುಸಿರು ಬಿಡುತ್ತ, "ಅಣ್ಣಾ, ಬೋಣಿ. ಉಶೀರ್ ಝಾಲಾ" ಎಂದ. ತಡವಾಯಿತು ಎಂದು ಕ್ಷಮೆ ಕೇಳುವವನಂತೆ.

ಅಣ್ಣನ ಕೈ ನಿಂತಿತು. ಅವನ ತಲೆಯ ಮೇಲಿಂದ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಹೀಗೂ ಮಾಡಿದಿರಾ ಎಂಬಂತಿತ್ತು. ಆಮೇಲೆ ಬಗ್ಗಿ, ಹಣೆ ಚಚ್ಚಿಕೊಂಡು, ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ದೊಡ್ಡದಾಗಿ ಹೇಳಿದರು: ಈಗ ಬರುವುದಾ ಸಾಹೇಬ? ಬೆಳಗಿಂದ ಒಬ್ಬನೇ ಒಬ್ಬ ಗಿರಾಕಿಯಿಲ್ಲ, ನೊಣ ಹೊಡೆಯುತ್ತಾ ಕೂತಿದ್ದೇನೆ ನೋಡು!

ಬಿಲ್ ಕೊಡಲು ನಿಂತಿದ್ದ ಒಬ್ಬಾತ ಹೋ ಎಂದು ನಕ್ಕ. ಅವನ ಹಿಂದಿದ್ದವರೂ ನಕ್ಕರು. ಎಲ್ಲರೂ ತಮಾಷೆ ಎಂದುಕೊಂಡರು. ಪಮ್ಯಾ ತಿರುಗಿ ಅವರನ್ನು ನೋಡಿದ. ಆಮೇಲೆ ಹಾಲನ್ನು ನೋಡಿದ, ಒಂದೊಂದೇ ಮೇಜು. ಅವನ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದ. ನೂರರವರೆಗೆ ಎಣಿಸಲು ನಾನೇ ಕಲಿಸಿದ್ದೆ. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಕೊನೆಗೆ ನನ್ನನ್ನು ನೋಡಿದ. ಅರ್ಥವಾದ ಮಗುವಿನ ಮುಖ ಹೇಗಿರುತ್ತದೆಂದು ಟೀಚರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಅಣ್ಣ ಎರಡೂ ಕೈ ಚಾಚಿ ನಾಣ್ಯಕ್ಕೆ ಬಗ್ಗಿದ್ದರು. ಅವರ ಕೈ ತಲುಪುವ ಮೊದಲೇ ಪಮ್ಯಾ ಅದನ್ನು ಎತ್ತಿ ತನ್ನ ಕಿಸೆಗೆ ಹಾಕಿಕೊಂಡ. ನನ್ನ ಸೀರೆ ಹಿಡಿದು ಏನೋ ಹೇಳಿದ. ಗದ್ದಲದಲ್ಲಿ ಕೇಳಿಸಲಿಲ್ಲ. ಅವನ ಮಾತು ಕೇಳಲು ನಾನು ಬಗ್ಗಬೇಕಾಗಿ ಬಂದದ್ದು ಅದೇ ಮೊದಲು.

"ಆಯಿ, ಘರೀ ಜಾವೂಯಾ."

ಮನೆಗೆ ಹೋಗೋಣ ಎಂದಿದ್ದ. ಬಂದೆವು. ಅಂದು ಸಂಜೆ ಅವನು ಕೂಗಲಿಲ್ಲ. ಮಾರನೇ ದಿನವೂ ಇಲ್ಲ. ಒಂದು ವಾರ ಬಿಟ್ಟು ಸರಿಹೋಗುತ್ತಾನೆ ಎಂದುಕೊಂಡೆ. ಸರಿಹೋಗಲಿಲ್ಲ. ಲೋಟ ಕೊಟ್ಟರೆ ನೀರು ಕುಡಿದು ಕೆಳಗಿಡುತ್ತಿದ್ದ. ಗೋಡೆಯಾಚೆಯ ಹೆಂಗಸು ಒಂದು ತಟ್ಟೆ ಶಿರಾ ತಂದುಕೊಟ್ಟು, "ಕಿತೀ ಶಹಾಣಾ ಝಾಲಾ!" ಎಂದಳು. ಎಷ್ಟು ಜಾಣನಾಗಿಬಿಟ್ಟ! ಅವನ ಶಾಲೆಯಿಂದ ದೂರು ಬರುವುದು ನಿಂತಿತು. ನಾಲ್ಕು ವರ್ಷ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತದ್ದು ಇದಕ್ಕಾಗಿಯೇ. ಈಗ ಅಡುಗೆಮನೆಯಲ್ಲಿ ನಿಂತು, ಹೊರಗಿನ ರೂಮಿನಿಂದ ಒಂದಾದರೂ ಸದ್ದು ಬರಲಿ ಎಂದು ಕಿವಿ ನೆಟ್ಟು ಕಾಯುತ್ತಿದ್ದೆ. ಮೋಸ ಮಾಡಿದರು, ಮೋಸ ಮಾಡಿದರು ಎಂದು ಅಣ್ಣನನ್ನು ಶಪಿಸಿದೆ. ಇವತ್ತಿಗೂ ಅದು ಮೋಸವೇ ಎನ್ನುತ್ತೇನೆ. ಆದರೆ ಅವರ ಮೋಸದಲ್ಲಿ ನನ್ನ ಮಗ ಎರಡು ವರ್ಷ ರಾಜನಾಗಿದ್ದ. ನನ್ನ ಸತ್ಯ ಅವನನ್ನು ಒಂದೇ ನಿಮಿಷದಲ್ಲಿ ಕೆಳಗಿಳಿಸಿತು. ಇದನ್ನು ಸಂಚಿಕೆಯಲ್ಲಿ ಹೇಗೆ ಹಾಕುತ್ತಾರೋ ನನಗೆ ಗೊತ್ತಿಲ್ಲ.

ನಾವು ಆ ಗಲ್ಲಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೆವು. ಐದಾರು ತಿಂಗಳಾದ ಮೇಲೆ ದೀಪಾವಳಿಯ ಮುಂಚೆ ಬಟ್ಟೆ ಅಂಗಡಿಯ ಮುಂದೆ ಅಣ್ಣ ಎದುರಾದರು. ತಪ್ಪಿಸಿಕೊಳ್ಳುವಂತಿರಲಿಲ್ಲ. ಅವರು ಪಮ್ಯಾನ ಮುಂದೆ ಕುಕ್ಕರುಗಾಲಲ್ಲಿ ಕೂತು ಶಾಲೆ ಹೇಗಿದೆ, ಎಷ್ಟನೇ ನಂಬರು ಎಂದೆಲ್ಲ ಕೇಳಿದರು. ಅವನು ಕೈ ಕಟ್ಟಿ ನಿಂತು, ಕೇಳಿದ್ದಕ್ಕಷ್ಟೇ, ಮೆಲ್ಲಗೆ ಉತ್ತರ ಕೊಟ್ಟ. ಅಣ್ಣ ಅವನನ್ನೇ ಸ್ವಲ್ಪ ಹೊತ್ತು ನೋಡಿದರು. ಅವರ ಮುಖ ಅರಳಿತು. ಮೊಣಕಾಲ ಮೇಲೆ ಕೈಯೂರಿ ಎದ್ದು, ನನ್ನ ಕಡೆ ತಿರುಗಿ, ನಿಜವಾದ ಸಂತೋಷದಿಂದಲೇ ಹೇಳಿದರು:

"ಎಷ್ಟು ಒಳ್ಳೆ ಹುಡುಗ ಆಗಿದ್ದಾನೆ ಟೀಚರೇ! ಇನ್ನು ನೀವು ಯಾವ ಹೊತ್ತಿಗೆ ಬೇಕಾದ್ರೂ ಬನ್ನಿ."